ಗೊತ್ತಿಲ್ಲ ಮೇಷ್ಟ್ರು

"ನನ್ನ 'ಗೊತ್ತಿಲ್ಲ'ಗಳನ್ನೆಲ್ಲ ಎಲ್ಲಿ ಬಿಸಾಕಿದ್ರಿ?"

ಬಾಗಿಲು ತಟ್ಟುವ ಸೌಜನ್ಯವನ್ನೂ ತೋರದೆ ಎಡಿಟಿಂಗ್ ರೂಮಿಗೆ ನುಗ್ಗಿದ ಮನುಷ್ಯ ಆಡಿದ ಮೊದಲ ಮಾತು ಅದು. ಎತ್ತರದ ಆಳು. ಕೈಯಲ್ಲಿ ಹೆಲ್ಮೆಟ್, ಅಂಗಿಯ ತೋಳಿಗೆಲ್ಲ ಸೀಮೆಸುಣ್ಣದ ಪುಡಿ. ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಮಾತ್ರ ಸರಿಸಿ, ಕುರ್ಚಿಯನ್ನು ಅರ್ಧ ತಿರುಗಿಸಿ ನೋಡಿದಳು. ಮುಖ ಹೊಸದು, ದನಿ ಮಾತ್ರ ಚೆನ್ನಾಗಿ ಗೊತ್ತಿದ್ದದ್ದು. ಹಿಂದಿನ ವಾರವೆಲ್ಲ ಆ ದನಿಯನ್ನೇ ಕತ್ತರಿಸಿ ಜೋಡಿಸಿದ್ದಳು.

"ಡಸ್ಟ್‌ಬಿನ್‌ಗೆ," ಎಂದಳು. "ನಿಮ್ಮ ಕೆಮ್ಮು, ನಿಟ್ಟುಸಿರು, ತಡವರಿಕೆ ಎಲ್ಲದರ ಜೊತೆ."

"ತೆಗೀರಿ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ, ಅದೇ ನನ್ನ ಕೆಲಸ. ಮಾತಿಗೊಂದ್ಸಲ ಗೊತ್ತಿಲ್ಲ, ಗೊತ್ತಿಲ್ಲ ಅಂತಿದ್ರಿ. ಪಾಪ, ಓದ್ಕೊಂಡು ಬಂದಿಲ್ಲ, ಮರ್ಯಾದೆ ಆದ್ರೂ ಉಳಿಸೋಣ ಅಂತ ತೆಗೆದೆ. ಥ್ಯಾಂಕ್ಸ್ ಹೇಳೋಕೆ ಬಂದಿದ್ದೀರಿ ಅಂದ್ಕೊಂಡೆ."

ಆ ಮನುಷ್ಯ ಯಾರೂ ಕೂರಿ ಎನ್ನದಿದ್ದರೂ ಸ್ಟೂಲೆಳೆದು ಕೂತರು. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವಿಶ್ವ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂದು ವಾರಕ್ಕೊಮ್ಮೆ ರೇಡಿಯೋ ಕೇಳುವ ಜನರಿಗೆ ತಿಳಿಯುವ ಹಾಗೆ ಹೇಳಲು ಒಪ್ಪಿಕೊಂಡಿದ್ದರು. ಮೊದಲ ಕಂತು ಆಗಷ್ಟೇ ಪ್ರಸಾರವಾಗಿತ್ತು.

"ಮೇಡಂ, ಅದು ಓದ್ದೇ ಬಂದ ಗೊತ್ತಿಲ್ಲ ಅಲ್ಲ," ಎಂದರು. "ಇಷ್ಟು ವರ್ಷ ಓದಿದ ಮೇಲೆ ಬಂದ ಗೊತ್ತಿಲ್ಲ. ವಿಶ್ವದಲ್ಲಿ ನೂರು ಪಾಲಿದ್ರೆ ನಮಗೆ ಕಾಣೋದು, ನಮಗೆ ಅರ್ಥವಾಗಿರೋದು ಐದು ಪಾಲು. ಉಳಿದಿದ್ದು ಏನು ಅಂತ ಭೂಮಿ ಮೇಲೆ ಒಬ್ಬರಿಗೂ ಗೊತ್ತಿಲ್ಲ. ನೀವು ಅದನ್ನ ಕತ್ತರಿಸಿದ್ಮೇಲೆ ನಾನು ದೇವರ ಪಕ್ಕದಲ್ಲಿ ಕೂತು ನೋಡಿ ಬಂದೋನ ಥರ ಮಾತಾಡ್ತಿದ್ದೀನಿ. ನನ್ನ ವಿದ್ಯಾರ್ಥಿಗಳು ನಗ್ತಿದ್ದಾರೆ."

ಅವಳು ಹೆಡ್‌ಫೋನನ್ನು ಪೂರ್ತಿ ತೆಗೆದು ಮೇಜಿನ ಮೇಲಿಟ್ಟಳು. ಗೊತ್ತಿಲ್ಲ ಎಂಬುದನ್ನು ಕಳೆದುಹೋದ ಒಡವೆಯ ಹಾಗೆ ವಾಪಸ್ ಕೇಳಿಕೊಂಡು ಬಂದ ಗಂಡಸನ್ನು ಅವಳು ಈವರೆಗೆ ನೋಡಿರಲಿಲ್ಲ.

ಅವಳು ಬೆಳೆದದ್ದು, ಬಾಳಿದ್ದು ಎಲ್ಲವೂ ಎಲ್ಲ ಗೊತ್ತಿರುವವರ ನಡುವೆ. ರೇಡಿಯೋ ಸ್ಟೇಷನ್ನಿನಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಮಾತಿನ ನಡುವಿನ ಮೌನವೆಂದರೆ ಅವಳಿಗೆ ಆಗದು, ಕೂದಲೆಳೆಯಷ್ಟಿದ್ದರೂ ಹುಡುಕಿ ಕತ್ತರಿಸುತ್ತಿದ್ದಳು. ಮದುವೆಯಾದ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ಹೊರಬಿದ್ದು, ಕೋರ್ಟು ಕಚೇರಿ ಮುಗಿಸಿ ಬಂದವಳಿಗೆ ಈ ಕೆಲಸ ಕೊಟ್ಟದ್ದು ಅಕ್ಕನ ಗಂಡ. ಸ್ಟೇಷನ್ನಿನ ಯಜಮಾನರು ಅವರೇ. ಅವಳಿದ್ದ ರೂಮೂ ಅವರ ಮನೆಯ ಮಹಡಿಯದೇ. ಭಾವ ಕೆಟ್ಟವರೇನಲ್ಲ, ಆದರೆ ಮಾಡಿದ ಉಪಕಾರವನ್ನು ಊಟದ ಹೊತ್ತಿಗೊಮ್ಮೆ ನೆನಪಿಸದಿದ್ದರೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಕಿದ ಗೆರೆ ದಾಟಿದರೆ ಕೆಲಸವೂ ಇಲ್ಲ, ರೂಮೂ ಇಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಸರಿ," ಎಂದಳು ಅವಳು. "ಇನ್ಮೇಲೆ ನಿಮ್ಮ ಗೊತ್ತಿಲ್ಲ ಮುಟ್ಟಲ್ಲ. ಆದ್ರೆ ಒಂದು ಷರತ್ತು. ರೆಕಾರ್ಡಿಂಗ್‌ಗೆ ನಾನೇ ಕೂರ್ತೀನಿ. ನನಗೆ ಅರ್ಥ ಆಗ್ದಿದ್ರೆ ಗಾಜಿನ ಈಚೆಯಿಂದ ಕೈ ಎತ್ತುತ್ತೀನಿ. ನೀವು ಮತ್ತೆ ಹೇಳ್ಬೇಕು."

"ಎಷ್ಟು ಸಲ?"

"ನನಗೆ ಅರ್ಥ ಆಗೋವರೆಗೂ."

ಮೇಷ್ಟ್ರು ಹೊರಡುವಾಗ ಬಾಗಿಲಲ್ಲಿ ನಿಂತು, ಬರುವಾಗ ತಟ್ಟದ ಬಾಗಿಲನ್ನು ಬೆರಳಿಂದ ಎರಡು ಸಲ ತಟ್ಟಿ ಹೋದರು. ಅವಳಿಗೆ ನಗು ಬಂತು.

ಮುಂದಿನ ವಾರದಿಂದ ಶುರುವಾಯಿತು ನೋಡಿ ಅವರಿಬ್ಬರ ಜಟಾಪಟಿ. ಗಾಜಿನ ಆಚೆ ಮೈಕಿನ ಮುಂದೆ ಮೇಷ್ಟ್ರು, ಈಚೆ ಧ್ವನಿ ಏರಿಸಿ ಇಳಿಸುವ ಫೇಡರುಗಳ ಮುಂದೆ ಕತ್ತರಿ. ಮೇಷ್ಟ್ರು "ರೆಡ್‌ಶಿಫ್ಟ್" ಎನ್ನುವುದೇ ತಡ, ಇವಳ ಕೈ ಮೇಲೆ.

"ದೂರದ ನಕ್ಷತ್ರಪುಂಜದಿಂದ ಬೆಳಕು ಹೊರಡುತ್ತೆ," ಎಂದು ಮೇಷ್ಟ್ರು ಮತ್ತೆ ಶುರುಮಾಡುವರು. "ಅದು ದಾರಿಯಲ್ಲಿರೋವಾಗಲೇ ದಾರಿ ಹಿಗ್ಗುತ್ತೆ. ಬೆಳಕಿನ ಅಲೆಯೂ ಅದರ ಜೊತೆ ಹಿಗ್ಗಿ ಕೆಂಪು ಕಡೆಗೆ ಸರಿಯುತ್ತೆ. ಅಂದ್ರೆ ಹೆಚ್ಚು ಕೆಂಪಾಗಿದ್ರೆ, ಬಹಳ ದೂರದಿಂದ ಬಂದಿದೆ ಅಂತ ಲೆಕ್ಕ."

ಅವಳು ಟಾಕ್‌ಬ್ಯಾಕ್ ಗುಂಡಿ ಒತ್ತಿದಳು. ಅದನ್ನೊತ್ತಿದರೆ ಈಚೆಯ ಮಾತು ಆಚೆಯವರ ಕಿವಿಗೆ ಬೀಳುತ್ತದೆ. "ಮಧ್ಯ ಎಲ್ಲಿದೆ? ಯಾವ ಜಾಗದಿಂದ ಹಿಗ್ಗೋಕೆ ಶುರುವಾಯ್ತು?"

ಮೇಷ್ಟ್ರು ಜೇಬಿನಿಂದ ಒಂದು ರಬ್ಬರ್ ಬ್ಯಾಂಡ್ ತೆಗೆದು, ಕತ್ತರಿಸಿ, ಪೆನ್ನಿನಲ್ಲಿ ಚುಕ್ಕೆಗಳನ್ನಿಟ್ಟರು. ಗಾಜಿನ ಹತ್ತಿರ ಬಂದು ಅವಳ ಕಣ್ಣಿನ ನೇರಕ್ಕೆ ಹಿಡಿದು ಎಳೆದರು. "ತುದಿಗಳನ್ನ ಮರೆತುಬಿಡಿ, ಚುಕ್ಕೆ ನೋಡಿ. ಯಾವ ಚುಕ್ಕೆ ಮೇಲೆ ನಿಂತ್ರೂ ಉಳಿದೋವೆಲ್ಲ ನನ್ನಿಂದ ದೂರ ಹೋಗ್ತಿವೆ ಅಂತಲೇ ಅನಿಸುತ್ತೆ. ಆ ಮಹಾಸ್ಫೋಟ ಅನ್ನೋದು ಎಲ್ಲೋ ಒಂದು ಮೂಲೆಯಲ್ಲಿ ಆಗಿದ್ದಲ್ಲ. ಜಾಗವೇ ಹಿಗ್ಗಿದ್ದು. ಇಲ್ಲೂ ಆಗಿದೆ. ನೀವು ಕೂತಿದ್ದೀರಲ್ಲ, ಆ ಕುರ್ಚಿ ಹತ್ರಾನೂ."

ಚುಕ್ಕೆ ನೋಡಬೇಕಾದವಳು ಬೆರಳು ನೋಡಿದಳು. ಬೆರಳಿನಿಂದ ಕಣ್ಣಿಗೆ ಹೋದಳು. ಅಲ್ಲಿ ಮೇಷ್ಟ್ರ ಕಣ್ಣು ಮೊದಲೇ ಬಂದು ಕಾಯುತ್ತಿತ್ತು. ಅವಳು ತಟ್ಟನೆ ಫೇಡರುಗಳ ಮೇಲೆ ಇಲ್ಲದ ಧೂಳು ಒರೆಸತೊಡಗಿದಳು.

"ಎಲ್ಲ ಹಿಗ್ಗೋದಾದ್ರೆ ನನ್ನ ರೂಮ್ ಯಾಕೆ ಹಿಗ್ಗಿಲ್ಲ?" ಎಂದಳು. "ಮಂಚ ಹಾಕಿದ್ರೆ ಬಾಗಿಲು ತೆಗೆಯೋಕಾಗಲ್ಲ."

ಮೇಷ್ಟ್ರು ನಕ್ಕರು. ಆಮೇಲೆ, ನಗು ನಿಲ್ಲಿಸಿ ಮೈಕಿಗಲ್ಲ, ಅವಳಿಗೇ ಹೇಳಿದರು. "ಒಂದನ್ನೊಂದು ಹಿಡ್ಕೊಂಡಿರೋದು ಹಿಗ್ಗಲ್ಲ. ಸೂರ್ಯ ಭೂಮೀನ ಹಿಡ್ಕೊಂಡಿದಾನೆ, ಅದಕ್ಕೇ ದೂರ ಆಗಿಲ್ಲ. ಹಿಡಿತ ಇಲ್ಲದಷ್ಟು ದೂರ ಇರೋವು ಮಾತ್ರ ಇನ್ನೂ ದೂರ ಹೋಗ್ತವೆ."

ಆ ದಿನ ಅವಳು ಮತ್ತೆ ಕೈ ಎತ್ತಲಿಲ್ಲ. ಅರ್ಥವಾಗಿತ್ತು.

ಸರಣಿ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಅವಳು ಮೇಷ್ಟ್ರನ್ನು ಎಡಿಟಿಂಗ್ ರೂಮಿಗೆ ಕರೆದು ಹೆಡ್‌ಫೋನ್ ಕೊಟ್ಟಳು. ಎಲ್ಲ ಕಂತುಗಳಿಂದ ಅವರ ಗೊತ್ತಿಲ್ಲಗಳನ್ನಷ್ಟೇ ತೆಗೆದು ಸಾಲಾಗಿ ಜೋಡಿಸಿದ್ದಳು.

"ಎಲ್ಲ ಒಂದೇ ಥರ ಇಲ್ಲ, ಕೇಳಿ," ಎಂದಳು. "ಇದು ನಕ್ಷತ್ರಪುಂಜಗಳು ಚೆಲ್ಲಾಪಿಲ್ಲಿ ಆಗದ ಹಾಗೆ ಯಾವ ಕತ್ತಲ ವಸ್ತು ಹಿಡ್ಕೊಂಡಿದೆ ಅಂದಾಗಿಂದು. ನಗ್ತಾ ಹೇಳಿದ್ದೀರ. ಇದು ಎಲ್ಲದಕ್ಕೂ ಮೊದಲು ಏನಿತ್ತು ಅಂತ ಕೇಳಿದಾಗಿಂದು, ಮಿಠಾಯಿ ಡಬ್ಬಿ ಮುಚ್ಚಳ ತೆಗೆಯೋ ಮಗು ಥರ. ಇಷ್ಟು ಖುಷಿಯಾಗಿ ಗೊತ್ತಿಲ್ಲ ಅನ್ನೋರನ್ನ ನಾನು ಕಂಡಿಲ್ಲ. ಇದೊಂದು ಮಾತ್ರ ಬೇಜಾರಿನದು."

ಕೊನೆಯ ತುಣುಕು ಪಾಠದ್ದಲ್ಲ. ಮೈಕ್ ಪರೀಕ್ಷಿಸುವಾಗ ಅವಳು, ಸರಣಿ ಮುಗಿದ ಮೇಲೆ ಈ ಸಂಜೆಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದಳು. ಗೊತ್ತಿಲ್ಲ ಎಂದಿದ್ದರು.

ಮೇಷ್ಟ್ರು ಹೆಡ್‌ಫೋನ್ ತೆಗೆದರು. ಕಿವಿ ಕೆಂಪಾಗಿತ್ತು.

"ಬಹಳ ದೂರದಿಂದ ಬಂದ ಹಾಗಿದೆ," ಎಂದಳು ಅವಳು, ಆ ಕೆಂಪು ಕಿವಿಯನ್ನೇ ನೋಡುತ್ತ.

"ಅಷ್ಟೇನೂ ದೂರ ಇಲ್ಲ," ಎಂದರು ಮೇಷ್ಟ್ರು. ಅಷ್ಟರಲ್ಲಿ ನೋಡಿದರೆ, ಬಾಗಿಲಲ್ಲಿ ಭಾವ ನಿಂತಿದ್ದರು.

ಮೇಷ್ಟ್ರು ಹೋದ ಮೇಲೆ ಭಾವ ಶುರುಮಾಡಿದರು. "ಕೊನೇ ಕಂತು ಲೈವ್. ಜನ ಫೋನ್ ಮಾಡಿ ಪ್ರಶ್ನೆ ಕೇಳ್ತಾರೆ. ಈ ಸಲ ಅವನು ಗೊತ್ತಿಲ್ಲ ಅಂದ್ರೆ ಫೇಡರ್ ಇಳಿಸಿ ಮ್ಯೂಸಿಕ್ ಹಾಕು. ಗೊತ್ತಿಲ್ಲ ಅನ್ನೋಕೆ ಮೇಷ್ಟ್ರು ಯಾಕಮ್ಮ ಬೇಕು, ಬೀದೀಲಿ ಹೋಗೋ ಯಾರನ್ನ ಕರೆದ್ರೂ ಹೇಳ್ತಾರೆ."

"ಅದು ಅವರ ಮಾತು, ಭಾವ."

"ಸ್ಟೇಷನ್ ನಂದು. ಇನ್ನೊಂದು ವಿಷಯ. ಈ ಗಾಜಿನ ಆಚೆ ಈಚೆ ನಗೋದು, ಕರೆದು ಹಾಡು ಕೇಳಿಸೋದು, ಇದೆಲ್ಲ ಕಣ್ಣಿಗೆ ಬೀಳ್ತಿದೆ. ಒಂದ್ಸಲ ಸಂಸಾರ ಬಿಟ್ಟು ಬಂದವಳು ನೀನು. ಹುಷಾರಾಗಿರು."

ಅವಳು ಹೆಡ್‌ಫೋನಿನ ವೈರನ್ನು ಬಿಗಿಯಾಗಿ ಸುತ್ತಿಟ್ಟಳು. ಫೇಡರ್ ಇಳಿಸಿದರೆ ಮೇಷ್ಟ್ರು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಇಳಿಸದಿದ್ದರೆ ಅವಳೇ ಮೆಟ್ಟಿಲಿಳಿಯಬೇಕು. ಹಾಡಲ್ಲ ಅದು ಎಂದಾದರೂ ಹೇಳಬೇಕಿತ್ತು ಎಂದು ಸಂಜೆಯವರೆಗೂ ಕುದಿಯುತ್ತಿದ್ದಳು.

ಲೈವ್ ದಿನ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿತು. ಭಾವ ಅವಳ ಕುರ್ಚಿಯ ಹಿಂದೆಯೇ ಕೈಕಟ್ಟಿ ನಿಂತರು. ಫೇಡರ್ ಇಳಿಸಬೇಕೆಂಬ ಅಪ್ಪಣೆಯ ವಿಷಯ ಮೇಷ್ಟ್ರಿಗೆ ತಿಳಿದಿರಲಿಲ್ಲ. ಅವರ ಪಾಡಿಗೆ ಅವರು, ನಾವೀಗ ನೋಡುವ ಸೂರ್ಯ ಎಂಟು ನಿಮಿಷ ಹಳಬ ಎಂದು ಯಾರಿಗೋ ವಿವರಿಸುತ್ತಿದ್ದರು. ಆಗ ಫೋನಿನಲ್ಲಿ ವಯಸ್ಸಾದ ಹೆಂಗಸಿನ ದನಿ ಬಂತು.

"ಮೇಷ್ಟ್ರೇ, ಇಷ್ಟೆಲ್ಲ ಹಿಗ್ಗಿ ಹಿಗ್ಗಿ ಕೊನೆಗೆ ಏನಾಗುತ್ತಪ್ಪ?"

ಮೇಷ್ಟ್ರು ಮೈಕಿನಿಂದ ಮುಖವೆತ್ತಿ ಗಾಜಿನತ್ತ ನೋಡಿದರು.

"ಇಳಿಸು," ಎಂದರು ಭಾವ.

ಇಷ್ಟು ವರ್ಷ ಹೇಳಿದ್ದನ್ನೆಲ್ಲ ಕೇಳಿದ ಕೈ ಅದು. ಬೆರಳು ಫೇಡರಿನ ಮೇಲೇ ಇತ್ತು. ಅವಳು ಅದನ್ನು ಇಳಿಸಲಿಲ್ಲ, ಇನ್ನಷ್ಟು ಏರಿಸಿದಳು. ಭಾವ ಬಗ್ಗಿ ಕೈ ಚಾಚಿದಾಗ ಅಂಗೈಯಿಂದ ಅದನ್ನು ಪೂರ್ತಿ ಮುಚ್ಚಿ ಹಿಡಿದಳು. ಜಪ್ಪಯ್ಯ ಅಂದರೂ ಆ ಕೈ ಕದಲುವಂತಿರಲಿಲ್ಲ.

"ಗೊತ್ತಿಲ್ಲ, ಅಮ್ಮ," ಎಂದರು ಮೇಷ್ಟ್ರು. ಮನೆಮನೆಯ ರೇಡಿಯೋದಲ್ಲಿ ಆ ಮಾತು ಉಸಿರಿನ ಸಮೇತ ಕೇಳಿಸಿತು. "ಹೀಗೇ ಹಿಗ್ಗುತ್ತ ತಣ್ಣಗಾಗಬಹುದು ಅಂತ ಬಹಳ ಜನ ಅಂತಾರೆ. ಅದೂ ಖಾತ್ರಿ ಇಲ್ಲ. ಸದ್ಯಕ್ಕೆ ಗೊತ್ತಿರೋದು ಇಷ್ಟೇ. ಒಂದನ್ನೊಂದು ಹಿಡ್ಕೊಂಡಿರೋದು ಸುಲಭಕ್ಕೆ ದೂರ ಆಗಲ್ಲ."

"ಸದ್ಯ, ಗೊತ್ತಿಲ್ಲ ಅಂತ ಹೇಳೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ," ಎಂದಿತು ಫೋನಿನ ದನಿ.

ಕೆಂಪು ದೀಪ ಆರಿದ ಮೇಲೆ ಭಾವ ಕೆಂಡವಾದರು. "ನಾಳೆಯಿಂದ ಬರೋದು ಬೇಡ. ಇವನನ್ನ ನಂಬ್ಕೊಂಡು ತಾನೇ ಇಷ್ಟೆಲ್ಲ? ಕೊನೆವರೆಗೂ ನೋಡ್ಕೊಳ್ತಾನೆ ಅಂತ ಏನು ಗ್ಯಾರಂಟಿ ಇದೆ ನಿನ್ನ ಹತ್ರ?"

ಅವಳು ಎದ್ದು ನಿಂತಳು. ದನಿ ಏರಿಸಲಿಲ್ಲ.

"ಗೊತ್ತಿಲ್ಲ, ಭಾವ. ನಂಬಿದ್ದೀನಿ, ಇಷ್ಟಪಟ್ಟಿದ್ದೀನಿ. ಅವರ ಮನಸ್ಸಲ್ಲಿ ಏನಿದೆ ಅನ್ನೋದೂ ಗೊತ್ತಿಲ್ಲ. ಹೋದ ಸಲ ಎಲ್ಲರಿಗೂ ಎಲ್ಲ ಗೊತ್ತಿತ್ತಲ್ಲ. ಹುಡುಗ ಚಿನ್ನ, ಮನೆತನ ಚಿನ್ನ, ಕಣ್ಣು ಮುಚ್ಕೊಂಡು ಹೂಂ ಅನ್ನು ಅಂದ್ರಿ. ನೀವು ಅವತ್ತು ಒಂದೇ ಒಂದ್ಸಲ ಗೊತ್ತಿಲ್ಲ ಅಂದಿದ್ರೆ ನಾನು ಯೋಚನೆ ಮಾಡ್ತಿದ್ದೆ."

ಭಾವ ತಟ್ಟನೆ ತಿರುಗಿದರು. ದಾಪುಗಾಲು ಹಾಕಿ ಹೊರಗೆ ಹೋದರು. ಬಾಗಿಲು ಜೋರಾಗಿ ಬಡಿದುಕೊಂಡಿತು.

ಆಗಲೇ ಅವಳು ಕೆಳಗೆ ನೋಡಿದ್ದು. ಫೇಡರನ್ನು ಮುಚ್ಚಿ ಹಿಡಿದ ಅಂಗೈ ಇನ್ನೂ ಅಲ್ಲೇ ಇತ್ತು, ಅಂಗೈಯ ಅಂಚು ಟಾಕ್‌ಬ್ಯಾಕ್ ಗುಂಡಿಯನ್ನು ಒತ್ತಿಕೊಂಡೇ ಇತ್ತು. ಗಾಜಿನ ಆಚೆ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡೇ ನಿಂತಿದ್ದರು. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದು ಮುಖದಲ್ಲೇ ಕಾಣುತ್ತಿತ್ತು.

ಕೈ ತೆಗೆಯಬೇಕೆನಿಸಿತು. ತೆಗೆಯಲಿಲ್ಲ. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಕದ್ದು ಹೇಳಿದ ಮಾತೇನಲ್ಲ.

ಮೇಷ್ಟ್ರು ಮೈಕಿನ ಹತ್ತಿರ ಬಂದರು. "ನನ್ನಿಂದ ನಿಮ್ಮ ಕೆಲಸ ಹೋಯ್ತು."

"ನನ್ನ ಕೈ, ನನ್ನ ಫೇಡರ್. ನಿಮ್ಮಿಂದ ಏನೂ ಆಗಿಲ್ಲ."

ಅವಳ ಫೋನು ಗುನುಗಿತು. ಅಕ್ಕ. "ಅಡುಗೆಮನೇಲಿ ರೇಡಿಯೋ ಕೇಳ್ತಿದ್ದೆ ಕಣೇ," ಎಂದಳು ಅಕ್ಕ, ಮೆಲ್ಲಗೆ. "ನಿನ್ನ ಭಾವ ಈಗಷ್ಟೇ ಫೋನಲ್ಲಿ ಹಾರಾಡಿದ್ರು, ಹಾರಾಡ್ಲಿ. ಮಹಡಿ ರೂಮಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ನೀನು ನೆಮ್ಮದಿಯಾಗಿ ಬಾ."

ಫೋನಿಟ್ಟು ತಲೆ ಎತ್ತಿದಾಗ ಮೇಷ್ಟ್ರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು, ಕೈಯಲ್ಲಿ ಮೈಕು.

"ಮುಂದೆ ಏನಾಗುತ್ತೋ ನನಗೂ ಗೊತ್ತಿಲ್ಲ," ಎಂದರು. "ನಮ್ಮ ಮನೇಲಿ ಏನಂತಾರೋ ಗೊತ್ತಿಲ್ಲ. ನನಗೆ ಒಳ್ಳೆ ಗಂಡನಾಗೋಕೆ ಬರುತ್ತೋ ಇಲ್ವೋ, ಅದಂತೂ ದೇವರಾಣೆ ಗೊತ್ತಿಲ್ಲ. ನನ್ನ ಮದುವೆ ಆಗ್ತೀರಾ?"

ಸ್ಟುಡಿಯೋ ನಿಶ್ಶಬ್ದವಾಯಿತು. ಆ ಮೌನ ಬೆಳೆಯುತ್ತ ಹೋಯಿತು. ಬೇರೆಯವರದ್ದಾಗಿದ್ದರೆ ಎಂದೋ ಕತ್ತರಿಸಿ ಎಸೆಯುತ್ತಿದ್ದಳು. ಇದನ್ನು ಮಾತ್ರ ಇದ್ದಷ್ಟು ಹೊತ್ತು ಇರಲಿ ಎಂದು ಬಿಟ್ಟಳು. ಆಮೇಲೆ ಬಗ್ಗಿ, ಗುಂಡಿಯನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು.

"ಆಗ್ತೀನಿ," ಎಂದಳು. "ಅದೊಂದು ಗೊತ್ತು."