ಮೊಳೆಗೆ ತೂಗಿದ ಸ್ಟೇರಿಂಗ್

೧೯೮೧ರಲ್ಲಿ ಅನಗೋಳದ ನನ್ನ ಗ್ಯಾರೇಜಿಗೆ ಕಲ್ಲಯ್ಯನವರು ಕಾರು ತಂದರು. ವೇಗ ಅರವತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು.

“ನನ್ನ ತಮ್ಮ ಬಸಯ್ಯ ಸೋಮವಾರ ಖಾನಾಪುರಕ್ಕ ಹೊಂಟಾಗ ಇದನ್ನ ಹಿಡಕೊಂಡ ಸತ್ತಾನ್ರಿ. ಅವತ್ತಿಂದ ಹಿಂಗ ಐತಿ.”

“ಗಾಲಿ ದೋಷ ಇರ್ತೈತ್ರಿ!” ಎಂದು ಸಿಡುಕಿದೆ.

ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿದೆ. ದೋಷ ಗಾಲಿಯದಾಗಿದ್ದರೆ ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬರಬೇಕು. ಮಧ್ಯಾಹ್ನ ಖಾನಾಪುರ ರಸ್ತೆಯಲ್ಲಿ ಓಡಿಸಿದಾಗ ಸೀಟು ಸುಮ್ಮನಿತ್ತು, ಸ್ಟೇರಿಂಗ್ ನಡುಗಿತು. ನಾನು ಕೈಯಿಡದ ಕಡೆ ಅದು ಬೆವರಿನಿಂದ ಒದ್ದೆಯಾಗಿತ್ತು. ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ನಡುಕ ಆಮೇಲೂ ಸ್ವಲ್ಪ ಹೊತ್ತು ಇತ್ತು.

ಬೇರೆ ಸ್ಟೇರಿಂಗ್ ಹಾಕಿಕೊಟ್ಟೆ, ಕಾರು ಸರಿಯಾಯಿತು. ಹಳೆಯದನ್ನು ಗೋಡೆಯ ಮೊಳೆಗೆ ತೂಗಿಹಾಕಿದೆ. ಕಲ್ಲಯ್ಯನವರು ಆ ಕಾರಿನಲ್ಲಿ ಖಾನಾಪುರಕ್ಕೆ ಹೋದ ಸೋಮವಾರಗಳಂದು ಅದು ಗೋಡೆಗೆ ಟಕಟಕ ಬಡಿಯುತ್ತಿತ್ತು.

ಕಾರು ಗುಜರಿಗೆ ಹೋಗಿ ವರ್ಷವಾಯಿತು. ನಿನ್ನೆ ಸೋಮವಾರ. ಸ್ಟೇರಿಂಗ್ ಮತ್ತೆ ಬಡಿಯಿತು.