ಅಪ್ಪನ ಗಾಂಧಾರ

ಮದುವೆಯಲ್ಲಿ ಪಂಕ್ತಿ ಕೂತರೆ ಎಲ್ಲರಿಗೂ ಊಟ, ಹಾರ್ಮೋನಿಯಂ ನುಡಿಸುವ ನನಗೆ ಡ್ಯೂಟಿ. ಊರೆಲ್ಲ ಉಂಡು ಕೈತೊಳೆದ ಮೇಲೆ ತಳ ಹತ್ತಿದ ಅನ್ನ ಸಿಕ್ಕರೆ ಅದೇ ಪುಣ್ಯ. ನಿಪ್ಪಾಣಿಯ ಆ ಮದುವೆಯಲ್ಲಿ ಮಾತ್ರ, ನಾನು ಹಾರ್ಮೋನಿಯಂ ಪೇಟಿ ಮುಚ್ಚುವ ಹೊತ್ತಿಗೆ ಒಬ್ಬ ತಾಟು ಹಿಡಿದು ನಿಂತಿದ್ದ.

"ತಗೋರಿ. ಜಿಲೇಬಿ ಮುಗ್ಯಾಕತ್ತಿದ್ವು, ನಿಮಗಂತ ತೆಗದಿಟ್ಟಿದ್ನಿ."

"ಹಾಡ ಕೇಳಿದ್ರೋ, ಜಿಲೇಬಿ ಕಾಯ್ದ್ರೋ?"

"ಖರೇ ಹೇಳ್ಲೇನ್ರಿ? ಹಾಡಿನಾಗ ನನಗೇನೂ ತಿಳಿಯಾಂಗಿಲ್ಲ. ನಿಮ್ಮ ಕೈ ನೋಡ್ಕೋತ ನಿಂತಿದ್ನಿ."

ಹೇಳಿ ಅವನೇ ನಾಚಿಕೊಂಡ. ನಾನು ನಗು ತಡೆಯಲು ಇಡೀ ಜಿಲೇಬಿ ಬಾಯಿಗೆ ತುರುಕಿದೆ.

ಹೆಸರು ಶಿವರಾಜ. ಕೊಗನೊಳ್ಳಿಯಲ್ಲಿ ಕಬ್ಬಿನ ಹೊಲ, ಬೆಲ್ಲದ ಗಾಣ. ಎಂಜಿನ್ ಸದ್ದಿನಲ್ಲಿ ಬೆಳೆದವನು, ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳುತ್ತಿತ್ತು. ನನ್ನದೋ ಮಿಕ್ಸರ್ ತಿರುಗಿದರೂ ಸ್ವರ ಹುಡುಕುವ ದರಿದ್ರ ಕಿವಿ. ಆದರೂ ಆ ದೊಡ್ಡ ಗಂಟಲಲ್ಲಿ ಅವನು "ದಾನೇಶ್ವರಿ ಅವರ" ಎಂದು ನನ್ನನ್ನು ಕರೆದರೆ ನನ್ನ ತಾಳ ತಪ್ಪುತ್ತಿತ್ತು. ಪ್ರೀತಿಸಿದೆ, ತುಂಬಾ ಪ್ರೀತಿಸಿದೆ. ಅವನ ಅವ್ವ ಕರೋಶಿಯ ನಮ್ಮ ಮನೆಗೆ ಬಂದು ಒಪ್ಪಿಹೋದರು. ಸಕ್ಕರೆ ಹಂಚಿ ನಿಶ್ಚಯ ಮಾಡುವ ಸಾಖರಪುಡಾಕ್ಕೆ ದಿನವೂ ಗೊತ್ತಾಯಿತು.

ಸತ್ತ ಅಪ್ಪನ ಪೇಟಿಯ ಗಾಳಿಯೂದುವ ತಿದಿ ಹರಿದಿತ್ತು. ಕೊಲ್ಹಾಪುರದಲ್ಲಿ ಹೊಲಿಸಿ ತರುತ್ತೇನೆಂದು ಶಿವರಾಜ ಒಯ್ದ. ಪಾಲಿಶ್ ಹೊಡೆಸಿ, ಮಗು ಹೊತ್ತವನ ಹಾಗೆ ಎದೆಗೆ ಅವುಚಿ ತಂದ.

"ತಿದಿ ಅಷ್ಟ ಅಲ್ರಿ. ಒಂದ ಸ್ವರಾ ಇಳದಿತ್ತಂತ. ಮಷೀನ್ ಇಟ್ಟ ಎಲ್ಲಾ ಸರಿ ಮಾಡ್ಸೇನಿ. ನಿಮಗ ಸರ್‌ಪ್ರೈಸ್!"

ಆ ಸ್ವರ ಕೆಟ್ಟಿರಲಿಲ್ಲ. ಅದು ಗಾಂಧಾರ. ತನ್ನ ಗಂಟಲಿಗೆ ಕೂಡಲಿ ಎಂದು ಅಪ್ಪನೇ ಒಳಗಿನ ಹಿತ್ತಾಳೆ ಪಟ್ಟಿಯನ್ನು ಕೆರೆದು, ಕೂದಲೆಳೆಯಷ್ಟು ಇಳಿಸಿದ್ದ. ಅಪ್ಪ ಹೋದ ಮೇಲೆ ಅವನು ಉಳಿದದ್ದು ಅಲ್ಲಿ. ಮತ್ತೆ ಕೆರೆಸಬಹುದು, ಆದರೆ ಅದು ಅಪ್ಪನ ಕೈಯಲ್ಲ.

ಒತ್ತಿ ನೋಡಿದೆ. ಕಣ್ಣು ತುಂಬಿತು.

"ಅಷ್ಟ ಖುಷಿ ಆತೇನ್ರಿ?" ಎಂದ ಶಿವರಾಜ.

ಹೇಳಿದೆ. ಅವನ ಮುಖ ಬಿಳಿಚಿತು. "ನನಗೂ ಕೇಳಿಸ್ರಿ ಅದನ್ನ" ಎಂದು ಎದುರಿಗೆ ಕೂತ. ಅಪ್ಪನ ಗಾಂಧಾರ ಹಾಡಿದೆ, ಪೇಟಿಯದನ್ನು ಒತ್ತಿದೆ. ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಎಂದ, ಮತ್ತೊಮ್ಮೆ ಎಂದ.

"ನನಗ ಎರಡೂ ಒಂದ ಅನಸ್ತಾವ್ರಿ. ಕೇಳಿಸ್ತು ಅಂತ ಸುಳ್ಳ ಹೇಳ್ಲೇನು?"

"ಬ್ಯಾಡ್ರಿ."

ನಮ್ಮವ್ವ ದುಂಡವ್ವನಿಗೂ ಇಂಥ ವ್ಯತ್ಯಾಸ ಕೇಳಿಸುತ್ತಿರಲಿಲ್ಲ. ಅಪ್ಪ ಅವಳಿಗೆ ತಿಳಿಸಲು ನೋಡಿ ನೋಡಿ ಸೋತು, ಕಡೆಕಡೆಗೆ ಪೇಟಿಯ ಜೊತೆಗಷ್ಟೇ ಇರುತ್ತಿದ್ದ. ಅವ್ವ ಅಡುಗೆಮನೆಯಲ್ಲಿ ಒಬ್ಬಳೇ. ಇಬ್ಬರೂ ಒಳ್ಳೆಯವರು, ಜಗಳವೂ ಇರಲಿಲ್ಲ. ಆ ಮನೆಯಲ್ಲಿ ನಾನು ಬೆಳೆದೆ. ಇದನ್ನೆಲ್ಲ ಶಿವರಾಜನಿಗೆ ಹಿಂದೆಯೇ ಹೇಳಿದ್ದೆ.

"ನಿಮ್ಮವ್ವನ್ಹಂಗ ನಾನೂ ಒಬ್ಬಾಂವನ ಉಳೀತೀನೇನ್ರಿ?" ಎಂದು ಕೇಳಿದ.

ಇಲ್ಲ ಅನ್ನಬೇಕಿತ್ತು. ಅಂದಿದ್ದರೆ ಅದೂ ಸುಳ್ಳಾಗುತ್ತಿತ್ತು. ನನ್ನ ತುಟಿಯನ್ನೇ ನೋಡುತ್ತಿದ್ದ ಅವನು ಬಹಳ ಹೊತ್ತು ಕಾದ.

"ನಾನ ಬ್ಯಾಡಂದೆ ಅಂತ ಮನ್ಯಾಗ ಹೇಳ್ತೇನಿ. ನಿಮ್ಮ ಮ್ಯಾಲ ಮಾತ ಬರಬಾರ್ದು."

ಅಷ್ಟು ಮೆಲ್ಲಗೆ ಅವನು ಎಂದೂ ಮಾತಾಡಿರಲಿಲ್ಲ. ಹೊಸಲು ದಾಟುವಾಗ ತಿರುಗಿ ನನ್ನ ಕೈ ನೋಡಿದ, ಮುಖ ನೋಡಲಿಲ್ಲ. ಓಡಿ ಹೋಗಿ ತಡೆಯಬಹುದಿತ್ತು. ಪೇಟಿಯ ಮುಂದೆ ಕೂತೇ ಇದ್ದೆ.

ಬೈಕಿನ ಸದ್ದು ಓಣಿ ದಾಟಿತು, ಕಬ್ಬಿನ ಹೊಲಗಳ ನಡುವಿನ ರಸ್ತೆಗೆ ಇಳಿಯಿತು. ಅವ್ವ ಚಹಾದ ಕಪ್ಪು ಹಿಡಿದು ಹೊರಗೆ ಬಂದು ಕಿವಿಗೊಟ್ಟು ನಿಂತಳು.

"ಹೋದ್ರೇನ ಅವರು? ಗಾಡಿ ಸಪ್ಪಳನ ಇಲ್ಲ."

"ಇಲ್ಲಬೇ," ಅಂದೆ, "ಇನ್ನೂ ಹೋಗಾಕತ್ತಾರ."