ಕೆಂಪು ಇಂಕಿನ ನಲವತ್ತೊಂದು

"ರೀ ಮಿಸ್ಟರ್! ಕ್ಲಾಸ್ ಶುರುವಾಗೋದು ಒಂಬತ್ತಕ್ಕೆ. ಈಗ ಒಂಬತ್ತು ಗಂಟೆ ಏಳು ನಿಮಿಷ!"

ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕುಳಿತಿದ್ದ ಅವಳ ಗದರಿಕೆಗೆ, ಹೆಲ್ಮೆಟ್ ಹಿಡಿದು ಏದುಸಿರು ಬಿಡುತ್ತ ಬಂದ ಗಂಡಸು ಬಾಗಿಲಲ್ಲೇ ನಿಂತುಬಿಟ್ಟ.

"ಅದೂ... ಸ್ಕೂಟರ್ ಕೆಟ್ಟೋಯ್ತು."

"ಸಬೂಬು ಬೇಡ. ಮೇಷ್ಟ್ರು ಬರೋದ್ರೊಳಗೆ ಹಿಂದೆ ಹೋಗಿ ಕೂತ್ಕೊಳ್ಳಿ."

"ಮೇಷ್ಟ್ರು ಬಂದಾಯ್ತಲ್ಲ ಮೇಡಂ..." ಎನ್ನುತ್ತ ಅವರು ಒಳಬಂದು ಮೇಜಿನ ಮೇಲಿದ್ದ ಚಾಕ್‌ಪೀಸ್ ಎತ್ತಿಕೊಂಡರು.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಅವಳು ಧಡಕ್ಕನೆ ಎದ್ದು ಅಟೆನ್ಷನ್‌ನಲ್ಲಿ ನಿಂತಳು.

"ತಪ್ಪಾಯ್ತು ಸರ್!"

"ತಪ್ಪು ನಂದೇ. ಏಳು ನಿಮಿಷ!" ಎಂದು ನಕ್ಕರು ಸಂಖ್ಯಾಶಾಸ್ತ್ರದ ಮೇಷ್ಟ್ರು.

ಆ ನಗು ಅವಳ ಎದೆಯಲ್ಲಿ ಎಲ್ಲೋ ಒಂದು ಕಡೆ ಕೂತುಬಿಟ್ಟಿತು.

ಅಪ್ಪ ತೀರಿಕೊಂಡಾಗ ಡಿಗ್ರಿಯನ್ನು ಕೊನೆಯ ವರ್ಷದಲ್ಲಿ ಬಿಟ್ಟು ಸೈನ್ಯಕ್ಕೆ ಸೇರಿದವಳು ಅವಳು. ಹದಿನೆಂಟು ವರ್ಷಗಳಿಂದ ಪ್ಯಾರಾಚೂಟ್ ಮಡಿಸುವ ವಿಭಾಗದಲ್ಲಿ ಕೆಲಸ. ಅವಳು ಮಡಿಸಿದ್ದನ್ನು ನಂಬಿ ಸಾವಿರಾರು ಜನ ಆಕಾಶದಿಂದ ಜಿಗಿದಿದ್ದರು. ಡಿಗ್ರಿ ಮುಗಿಸಿದರೆ ತರಬೇತಿ ಶಾಲೆಯಲ್ಲಿ ಕಲಿಸುವ ಹುದ್ದೆ. ಅದಕ್ಕೇ ಒಂದು ವರ್ಷದ ರಜೆ, ಒಂದೇ ಒಂದು ವರ್ಷ! ಅಷ್ಟರಲ್ಲಿ ಸಂಖ್ಯಾಶಾಸ್ತ್ರದಲ್ಲಿ ಐವತ್ತು ಅಂಕ ಬರಲೇಬೇಕು. ಬರದಿದ್ದರೆ ಹುದ್ದೆ ಬೇರೆಯವರಿಗೆ.

ಸೂತ್ರಗಳನ್ನು ಕಂಡರೇ ಅವಳ ಕೈ ತಣ್ಣಗಾಗುತ್ತಿತ್ತು.

'ಮೂವತ್ತೆಂಟಕ್ಕೆ ಇದೆಲ್ಲ ಬೇಕಿತ್ತಾ ನನಗೆ?'

ಅವಳ ಒದ್ದಾಟ ಕಂಡ ಮೇಷ್ಟ್ರು ಶನಿವಾರ ಮಧ್ಯಾಹ್ನ ವಾಚನಾಲಯದಲ್ಲಿ ಬಿಡಿಸಿ ಹೇಳಿಕೊಡತೊಡಗಿದರು. ಅವರಿಗೂ ನಲವತ್ತು ದಾಟಿತ್ತು, ಒಂಟಿ ಜೀವ. ಅವಳ ಉತ್ತರಗಳ ಪಕ್ಕ ಹಸಿರು ಇಂಕಿನಲ್ಲಿ ಉದ್ದುದ್ದ ಬರೆಯುತ್ತಿದ್ದರು. 'ದಾರಿ ಸರಿ ಇದೆ, ಅವಸರ ಬೇಡ.' 'ಇಲ್ಲಿ ಕೂಡಿದ್ದು ತಪ್ಪು, ಆದರೆ ಯೋಚನೆ ಚೆಂದ!'

ಅವಳು ಅದನ್ನು ಮತ್ತೆ ಮತ್ತೆ ಓದುತ್ತಿದ್ದಳು... ಲೆಕ್ಕಕ್ಕಾಗಿ ಅಲ್ಲ.

"ಮೇಷ್ಟ್ರು, ಮೇಷ್ಟ್ರು! ಹತ್ತು ನಿಮಿಷದಲ್ಲಿ ಎಷ್ಟು ಸಲ ಅಂದೆ ಗೊತ್ತೇನೇ?" ಫೋನಿನಲ್ಲಿ ಅಕ್ಕ ಕಾಲೆಳೆದಳು.

"ಸುಮ್ನಿರಕ್ಕ! ಪಾಠದ ವಿಷ್ಯ ಹೇಳ್ತಿದ್ದೆ."

"ಹೂಂ ಹೂಂ. ನಾನೂ ಪಾಠದ ವಿಷ್ಯಾನೇ ಕೇಳ್ತಿರೋದು."

ಆದರೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಅವಳ ನಗು ಆರಿತು.

ಕೆಂಪು ಇಂಕು. ಯಾರದೋ ಕೈಬರಹ. ಮೂಲೆಯಲ್ಲಿ ಒಂದು ನಲವತ್ತೊಂದು. ಪಕ್ಕದಲ್ಲಿ ಒಂದಕ್ಷರವೂ ಇಲ್ಲ.

"ಸರ್, ಇದು ನೀವು ನೋಡಿದ್ದಲ್ವಾ?"

ಮೇಷ್ಟ್ರು ಅವಳ ಮುಖ ನೋಡಲಿಲ್ಲ. "ಇಲ್ಲ. ಇನ್ಮೇಲೆ ನಿಮ್ಮ ಪೇಪರ್ ಬೇರೆಯವರು ನೋಡ್ತಾರೆ."

"ಯಾಕೆ ಸರ್?"

"ಹಾಗೇ... ಶನಿವಾರದ ಪಾಠಕ್ಕೆ ಮಾತ್ರ ತಪ್ಪದೆ ಬನ್ನಿ."

'ನನ್ನ ಬರಹ ನೋಡಿ ನೋಡಿ ಸಾಕಾಗಿರಬೇಕು. ಪಾಠ ಹೇಳೋದೂ ಬರೀ ಕನಿಕರಕ್ಕೆ!'

ಕಣ್ಣು ತುಂಬಿದರೂ ಅವಳು ತುಳುಕಿಸಲಿಲ್ಲ. ಮುಂದಿನ ಶನಿವಾರ ಹೋಗಲಿಲ್ಲ. ಆಮೇಲಿನ ಯಾವ ಶನಿವಾರವೂ ಹೋಗಲಿಲ್ಲ. ಬಾಡಿಗೆ ಕೋಣೆಯ ಗೋಡೆಗೆಲ್ಲ ಸೂತ್ರ ಅಂಟಿಸಿಕೊಂಡು ಹಟಕ್ಕೆ ಬಿದ್ದು ಓದಿದಳು. ವಾಚನಾಲಯದಲ್ಲಿ ಒಬ್ಬರು ಪ್ರತಿ ಶನಿವಾರ ಎರಡು ಕುರ್ಚಿ ಎಳೆದಿಟ್ಟುಕೊಂಡು ಕಾಯುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ.

ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ಅವಳು ಮೂರು ಸಲ ತನ್ನ ನಂಬರ್ ಹುಡುಕಿದಳು.

ಅರವತ್ಮೂರು!

"ಮಿಲಿಟರಿ ಅಕ್ಕ ಪಾಸು!" ಸಹಪಾಠಿ ಹುಡುಗಿಯರು ಕೂಗಿ ಅಪ್ಪಿಕೊಂಡರು.

ಗುಂಪು ಕರಗಿದಾಗ ಮೆಟ್ಟಿಲ ಬಳಿ ಮೇಷ್ಟ್ರು ನಿಂತಿದ್ದರು.

"ನಾನಿಲ್ದೇನೇ ಪಾಸಾದ್ರಿ..."

"ನೀವು ಬಿಟ್ಟಿದ್ದಕ್ಕೆ ಪಾಸಾದೆ!" ತಿಂಗಳುಗಳ ನೋವು ಹೊರಬಂತು. "ನನ್ನ ಪೇಪರ್ ನೋಡೋದೂ ಬೇಡ ಅನ್ನಿಸ್ತಾ ಸರ್?"

ಅವರು ಈಗ ಅವಳ ಮುಖವನ್ನೇ ನೋಡಿದರು.

"ಒಂದು ಮಾತು ಕೇಳ್ತೀನಿ. ನೀವು ಮಡಿಸಿದ ಪ್ಯಾರಾಚೂಟನ್ನ ನೀವೇ ತಪಾಸಣೆ ಮಾಡ್ತೀರಾ?"

"ಛೇ! ಎಲ್ಲಾದ್ರೂ ಉಂಟಾ? ಬೇರೆಯವರೇ ನೋಡ್ಬೇಕು."

"ಯಾಕೆ?"

"ಮಡಿಸಿದವರ ಕಣ್ಣಿಗೆ ಅದ್ರ ತಪ್ಪು ಕಾಣ..." ಅವಳ ಮಾತು ಅಲ್ಲೇ ನಿಂತಿತು.

"ನಂಗೂ ಕಾಣ್ತಿರ್ಲಿಲ್ಲ," ಮೇಷ್ಟ್ರ ದನಿ ತಗ್ಗಿತು. "ಮುಂಚಿನ ಒಂದು ಟೆಸ್ಟ್‌ನಲ್ಲಿ ನಿಮ್ಮದೊಂದು ತಪ್ಪು ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ. ಮತ್ತೊಮ್ಮೆ ನೋಡ್ದಾಗ ಹೆದರಿಕೆ ಆಯ್ತು. ಆ ಅಂಕ ಹೊಡೆದುಹಾಕಿ ಸೀದಾ ವಿಭಾಗದ ಮುಖ್ಯಸ್ಥರ ಹತ್ರ ಹೋಗಿ, ಇವರ ಪೇಪರ್ ನನಗೆ ಬೇಡ ಅಂದೆ. ಕಾರಣ ಕೇಳಿದ್ರು. ಇದ್ದದ್ದು ಹೇಳಿದೆ."

"ಏ... ಏನು ಹೇಳಿದ್ರಿ?"

"ಇವರನ್ನ ಕಂಡ್ರೆ ನನಗಿಷ್ಟ ಅಂತ."

ಅವಳ ಕೆನ್ನೆ ಬಿಸಿಯಾಯಿತು. "ಅಂದ್ರೆ ನನಗಿಂತ ಮೊದ್ಲು ಅವರಿಗೆ ಹೇಳಿದ್ರಾ!"

"ನಾನು ಮೇಷ್ಟ್ರು, ನೀವು ಪರೀಕ್ಷೆ ಬರೆಯೋರು. ಆಗ ಹೇಳಿದ್ರೆ ಬೇಡ ಅನ್ನೋದು ನಿಮಗೆ ಕಷ್ಟ ಆಗ್ತಿತ್ತು. ಈಗ ನಾನು ನಿಮಗೆ ಮೇಷ್ಟ್ರಲ್ಲ. ಧಾರಾಳವಾಗಿ ಬೇಡ ಅನ್ನಬಹುದು."

ಅವಳು ಬೇಡ ಅನ್ನಲಿಲ್ಲ. ಕಣ್ಣೊರೆಸಿಕೊಂಡು ನಕ್ಕಳು.

"ಇನ್ನೂ ಎಂಟು ವರ್ಷ ನನ್ನ ಸೇವೆ ಇದೆ. ಎಲ್ಲೆಲ್ಲಿಗೋ ಹಾಕ್ತಾರೆ."

"ಹಾಕಲಿ. ಲೆಕ್ಕಕ್ಕೆ ಹೆದರೋರು ಎಲ್ಲಾ ಊರಲ್ಲೂ ಇರ್ತಾರೆ. ನನಗೆ ಕೆಲ್ಸಕ್ಕೇನು ಬರ?"

"ಅಕ್ಕನ ಪರೀಕ್ಷೇನೂ ಪಾಸಾಗ್ಬೇಕು. ಪ್ರಶ್ನೆ ಕೇಳಿ ಉತ್ತರಾನೂ ಅವಳೇ ಹೇಳ್ತಾಳೆ."

"ಅಬ್ಬಾ, ಹಾಗಾದ್ರೆ ಗೆದ್ದೆ!"

ಇಬ್ಬರೂ ಮೆಟ್ಟಿಲಿಳಿದರು.

"ಕೈ ಹಿಡ್ಕೊಳ್ಳಲಾ?" ಮೇಷ್ಟ್ರು ಅಳುಕುತ್ತ ಕೇಳಿದರು.

"ಇದಕ್ಕೂ ಮುಖ್ಯಸ್ಥರ ಒಪ್ಪಿಗೆ ಬೇಕೇನು?" ಎನ್ನುತ್ತ ಅವಳೇ ಅವರ ಕೈ ಹಿಡಿದಳು.